ಸಕ್ಕರೆ ಕಾಯಿಲೆಯ ಓಲೆಕಾರ

ಮಲೆನಾಡಿನ ಅಡಕೆ ತೋಟದ ನಡುವೆ ಅರುವತ್ತೆಂಟು ಮಳೆಗಾಲಗಳನ್ನು ಕಳೆದಿದ್ದ ನನ್ನ ಸೋದರಮಾವನವರ ಬಲ ಅಂಗಾಲಿಗೆ ಬಿದಿರ ಮುಳ್ಳೊಂದು ನೆಟ್ಟಿತ್ತೆಂಬ ಸಂಗತಿ, ಅದು ನೆಟ್ಟು ಎಂಟು ಹತ್ತು ದಿನಗಳಾದ ಮೇಲೆ, ಅದೂ ಅವರಿಗಲ್ಲ, ಬೆಳಗ್ಗೆ ಹಾಸಿಗೆ ಮಡಿಚುತ್ತಿದ್ದ ಅತ್ತೆಗೆ ತಿಳಿದುಬಂದಿತು. ಹೊದಿಕೆಯ ಕಾಲ್ದೆಸೆಯಲ್ಲಿ ಕೀವಿನ ಕಲೆಯನ್ನು ಕಂಡು ಗಾಬರಿಗೊಂಡ ಆಕೆ ಪಾದವನ್ನು ಬೆಳಕಿಗೆ ಹಿಡಿಸಿ ನೋಡಿದಾಗ, ಹೆಬ್ಬೆರಳಿನ ಬುಡದಲ್ಲಿ ನಾಲ್ಕಾಣೆ ಪಾವಲಿಯಷ್ಟು ಅಗಲಕ್ಕೆ ಚರ್ಮ ಬೆಳ್ಳಗೆ ನೆನೆದು ನಿಂತಿತ್ತು. ನಾನು ಊರಿಗೆ ಹೋದಾಗ, "ಮಾವ, ಇಷ್ಟು ದಿನ ನೋಯಲಿಲ್ಲವೆ?" ಎಂದು ಕೇಳಿದೆ. "ನೊಂದಿದ್ದರೆ ಹೇಳದೆ ಇರುತ್ತಿದ್ದೆನೇನೋ? ಏನೂ ಇಲ್ಲ ಮಾರಾಯ" ಎಂದು ಅವರು ಆರಾಮ ಕುರ್ಚಿಯಿಂದಲೇ ನಕ್ಕರು. ಹದಿನೇಳು ವರ್ಷಗಳಿಂದ ಸಕ್ಕರೆ ಕಾಯಿಲೆಯೊಡನೆ ಸಂಸಾರ ಮಾಡಿಕೊಂಡು ಬಂದಿದ್ದ ಅವರ ಪಾದದ ನರಗಳು ನೋವಿನ ವರ್ತಮಾನವನ್ನು ಮೇಲಕ್ಕೆ ತಲುಪಿಸುವ ಕೆಲಸವನ್ನು ಎಂದೋ ಬಿಟ್ಟಿದ್ದವು.

ಪೇಟೆಯ ವೈದ್ಯರು ಮುಳ್ಳು ತೆಗೆದರು. ಸತ್ತ ಚರ್ಮವನ್ನು ಕತ್ತರಿಸಿದರು. ವಾಡಿಕೆಯಂತೆ ರಕ್ತ ಮೂತ್ರಗಳ ಪರೀಕ್ಷೆಯನ್ನೂ ಮಾಡಿಸಿದರು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಇರಬಾರದಷ್ಟು ಇದೆಯೆಂದೂ, ಮೂತ್ರಪಿಂಡಗಳು ಸೋರಲಾರಂಭಿಸಿವೆಯೆಂದೂ ಆಗ ಗೊತ್ತಾಯಿತು. ಕಾಲಿನ ಹುಣ್ಣಿಗೂ ಮೂತ್ರಪಿಂಡಕ್ಕೂ ಏನು ಸಂಬಂಧವೆಂದು ನಾನು ಕೇಳಿದ್ದಕ್ಕೆ ಆ ವೈದ್ಯರು ಚೀಟಿ ಬರೆಯುತ್ತಲೇ, "ಕಾಲಿಗೆ ಬರಬೇಕಾದವರು ಹೊತ್ತಿಗೆ ಬರುತ್ತಿಲ್ಲ, ಮೂತ್ರಪಿಂಡಕ್ಕೆ ಬಂದವರು ಎದ್ದು ಹೋಗುತ್ತಿಲ್ಲ" ಎಂದರು. ಒಗಟಿನಂತಿದ್ದ ಆ ಮಾತು ಬಹಳ ದಿನ ನನ್ನನ್ನು ಕಾಡಿತು. ಬರುವವರು ಯಾರು? ಅವರಿಗೆ ಓಲೆ ಕಳುಹಿಸುವವರು ಯಾರು? ಈ ಪ್ರಶ್ನೆಗಳ ಬೆನ್ನು ಹತ್ತಿ ಓದುತ್ತ ಹೋದವನಿಗೆ ದೊರೆತ ಸಂಗತಿಗಳನ್ನು, ವೈದ್ಯನಲ್ಲದವನ ಸಂಕೋಚದೊಡನೆ, ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೆಸ್ಸಿನಾದ ಗುಲಾಬಿ ಮುಳ್ಳು

ಈ ಕತೆಯ ಆದಿಯಲ್ಲಿಯೂ ಒಂದು ಮುಳ್ಳಿದೆಯೆಂಬುದು ಕಾಕತಾಳೀಯವಾದರೂ ಸ್ವಾರಸ್ಯವಾದುದು. 1882ರಲ್ಲಿ, ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿ, ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಎಂಬವನು, ಮನೆಯವರೆಲ್ಲರೂ ಸರ್ಕಸ್ಸು ನೋಡಲು ಹೋಗಿದ್ದ ಹೊತ್ತಿನಲ್ಲಿ, ಸೂಕ್ಷ್ಮದರ್ಶಕದ ಮುಂದೆ ಒಬ್ಬನೇ ಕುಳಿತು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳ ಮೈಯೊಳಗೆ ಅಲೆದಾಡುವ ಕಣಗಳನ್ನು ನೋಡುತ್ತಿದ್ದ. ಈ ಅಲೆಮಾರಿ ಕಣಗಳು ದೇಹದ ಕಾವಲುಗಾರರಾಗಿರಬಹುದೆ ಎಂಬ ಆಲೋಚನೆ ಹಠಾತ್ತನೆ ಹೊಳೆದು, ಮನೆಯ ತೋಟದ ಗುಲಾಬಿ ಗಿಡದಿಂದ ಮುಳ್ಳುಗಳನ್ನು ಕಿತ್ತು ತಂದು ಆ ಮರಿಗಳ ಚರ್ಮದ ಕೆಳಗೆ ಚುಚ್ಚಿದ. ರಾತ್ರಿ ಅವನಿಗೆ ನಿದ್ದೆ ಬರಲಿಲ್ಲವಂತೆ. ಬೆಳಗ್ಗೆ ನೋಡಿದರೆ, ಕಣಗಳು ನಾಲ್ಕೂ ಕಡೆಯಿಂದ ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ದೇಹರಕ್ಷಣೆಯಲ್ಲಿ ಭಕ್ಷಕ ಕಣಗಳ ಪಾತ್ರವನ್ನು ತೋರಿಸಿಕೊಟ್ಟ ಆತನಿಗೆ 1908ರಲ್ಲಿ, ಪಾಲ್ ಎರ್ಲಿಕ್‌ನೊಡನೆ, ನೊಬೆಲ್ ಪಾರಿತೋಷಕವು ಸಂದಿತು.

ಕಣಗಳು ಬಂದವು, ಸರಿ. ಕಣ್ಣಿಲ್ಲದ, ಕಿವಿಯಿಲ್ಲದ ಅವುಗಳಿಗೆ ಮುಳ್ಳು ನೆಟ್ಟ ತಾಣ ಇಂಥದೇ ಎಂದು ತಿಳಿಸಿದವರು ಯಾರು? ಈ ಪ್ರಶ್ನೆಗೆ ಖಚಿತವಾದ ಉತ್ತರ ದೊರೆಯಲು ವಿಜ್ಞಾನವು ಇನ್ನೂ ನೂರು ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ ಒಂದು ಶಬ್ದದ ವಿಚಾರ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್, ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು ಎಂದು, ಹೀಗೆ ಮುಳ್ಳು ನೆಟ್ಟ ಜಾಗದಲ್ಲಿ ತೋರುವ ವಿಕಾರಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ. ನಮ್ಮ ಭಾಷೆ ಅವುಗಳಲ್ಲಿ ಎರಡನ್ನು ಜೋಡಿಸಿ 'ಉರಿಯೂತ' ಎಂಬ ಒಂದೇ ಪದದಲ್ಲಿ ಅಡಗಿಸಿಬಿಟ್ಟಿತು. ಪ್ರಮೇಹದ ರೋಗಿಗಳಲ್ಲಿ ಏಳುವ ಪಿಡಕೆಗಳನ್ನು, ಎಂದರೆ ಕುರು ಹುಣ್ಣುಗಳನ್ನು, ಚರಕ ಸುಶ್ರುತರಿಬ್ಬರೂ ಪ್ರತ್ಯೇಕವಾಗಿ ವರ್ಣಿಸಿರುವುದನ್ನು ನೋಡಿದರೆ, ಮಧುಮೇಹಕ್ಕೂ ಉರಿಯೂತಕ್ಕೂ ಇರುವ ನಂಟು ನಮ್ಮ ಪ್ರಾಚೀನರ ಕಣ್ಣಿಗೆ ಬೀಳದೆ ಹೋಗಿರಲಿಲ್ಲವೆಂದು ತಿಳಿಯುತ್ತದೆ. ಆದರೆ ಅವರು ಕಂಡದ್ದು ಚರ್ಮದ ಮೇಲಿನ ಉರಿಯೂತ. ನಾನು ಹೇಳಹೊರಟಿರುವುದು ಉರಿಯೂ ತಿಳಿಯದ, ಊತವೂ ಕಾಣದ, ವರ್ಷಾನುವರ್ಷ ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಇರುವ ಇನ್ನೊಂದು ಬಗೆಯದನ್ನು.

ಓಲೆಕಾರನ ಜನ್ಮವೃತ್ತಾಂತ

1983ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ಇಲಿಯ ಕೋಶಗಳನ್ನು ಬೆಳವಣಿಗೆಗೆ ಪ್ರಚೋದಿಸಿದಾಗ ಯಾವ ಯಾವ ಜೀನುಗಳು ಎಚ್ಚರಗೊಳ್ಳುತ್ತವೆಂದು ಹುಡುಕುತ್ತಿದ್ದ ಸಂಶೋಧಕರಿಗೆ ಒಂದು ಜೀನು ಸಿಕ್ಕಿತು. ಅದರ ಕೆಲಸವೇನೆಂಬುದು ತಿಳಿಯದಿದ್ದುದರಿಂದ ಅದಕ್ಕೆ 'ಜೆಇ' ಎಂಬ ಎರಡಕ್ಷರದ ಗುರುತನ್ನಷ್ಟೇ ಇಟ್ಟರು. 1989ರಲ್ಲಿ, ರಕ್ತದ ಮಾನೊಸೈಟ್ ಎಂಬ ಬಿಳಿಕಣಗಳನ್ನು ತನ್ನೆಡೆಗೆ ಸೆಳೆಯಬಲ್ಲ ಒಂದು ಪುಟ್ಟ ಪ್ರೋಟೀನನ್ನು ಮನುಷ್ಯರ ಅರ್ಬುದ ಕೋಶಗಳಿಂದ ಶುದ್ಧಗೊಳಿಸಿ ತೆಗೆದಾಗ, ಅದು ಇಲಿಯ ಆ ಅನಾಮಧೇಯ ಜೀನಿನ ಮಾನವ ಸಹೋದರನೇ ಎಂಬುದು ವ್ಯಕ್ತವಾಯಿತು. ಮಾನೊಸೈಟುಗಳನ್ನು ಆಕರ್ಷಿಸುವುದರಿಂದ ಅದಕ್ಕೆ ಎಂಸಿಪಿ-1 ಎಂದು ಹೆಸರಾಯಿತು. ಇಂಥ ಆಕರ್ಷಕ ಪ್ರೋಟೀನುಗಳ ಇಡೀ ಕುಲಕ್ಕೆ 1992ರಲ್ಲಿ ಕೀಮೋಕೈನ್ ಎಂಬ ಕುಲನಾಮ ಬಂದಿತು. ಮುಂದೆ ಕುಲ ಬೆಳೆದು ಹೆಸರುಗಳೆಲ್ಲ ಗೋಜಲಾದಾಗ ಪ್ರತಿಯೊಬ್ಬರಿಗೂ ಕ್ರಮಸಂಖ್ಯೆಯನ್ನು ಕೊಡಬೇಕಾಗಿ, ನಮ್ಮ ನಾಯಕನು ಸಿಸಿಎಲ್2 ಎನಿಸಿಕೊಂಡನು. ಈ ಪ್ರೋಟೀನನ್ನು ಬರೆದಿಟ್ಟಿರುವ ಜೀನು ನಮ್ಮ ಹದಿನೇಳನೆಯ ವರ್ಣತಂತುವಿನ ಉದ್ದನೆಯ ತೋಳಿನಲ್ಲಿ, ತನ್ನ ದಾಯಾದಿಗಳ ಕೇರಿಯಲ್ಲಿಯೇ, ವಾಸವಾಗಿದೆ.

ಓಲೆಕಾರನ ಗಾತ್ರವು ಅಲ್ಪ; ಎಪ್ಪತ್ತಾರೇ ಅಮೈನೊ ಆಮ್ಲಗಳ ಸರ. ಗಾಯವಾದ ಅಥವಾ ಸೋಂಕು ತಗಲಿದ ಸ್ಥಳದ ಕೋಶಗಳು ಇವನನ್ನು ಹೊರಕ್ಕೆ ಬಿಡುತ್ತವೆ. ಅಲ್ಲಿಂದ ದೂರ ಹೋದಂತೆ ಇವನ ಸಾಂದ್ರತೆ ಕಡಿಮೆಯಾಗುತ್ತ ಹೋಗುವುದರಿಂದ, ಕೇದಗೆ ಎಲ್ಲಿ ಅರಳಿದೆಯೆಂಬುದನ್ನು ಮೂಗಿನ ಜಾಡಿನಿಂದಲೇ ಹಿಡಿಯುವವನಂತೆ, ಮಾನೊಸೈಟು ಹೆಚ್ಚಿನ ಸಾಂದ್ರತೆಯ ಕಡೆಗೆ ಸರಿಯುತ್ತ ಬರುತ್ತದೆ. ಈ ಓಲೆಯನ್ನು ಓದಿಕೊಳ್ಳಲು ಅದರ ಮೈಮೇಲೆ ಸಿಸಿಆರ್2 ಎಂಬ ಗ್ರಾಹಕವಿದೆ. ಆ ಗ್ರಾಹಕವಿಲ್ಲದಂತೆ ಮಾಡಿದ ಇಲಿಗಳಲ್ಲಿ ಮಾನೊಸೈಟುಗಳು ಎಲುಬಿನ ಮಜ್ಜೆಯನ್ನು ಬಿಟ್ಟು ಹೊರಡುವುದೇ ದುಸ್ತರವಾಗುತ್ತದೆ. ರಕ್ತನಾಳದ ಗೋಡೆಯನ್ನು ನುಸುಳಿ ಅಂಗಾಂಶವನ್ನು ಹೊಕ್ಕ ಮೇಲೆ ಈ ಕಣವೇ ಮ್ಯಾಕ್ರೊಫೇಜ್ ಎಂಬ ಮಹಾಭಕ್ಷಕವಾಗಿ ರೂಪಾಂತರ ಹೊಂದಿ, ರೋಗಾಣುಗಳನ್ನು ನುಂಗಿ, ಸತ್ತ ಕೋಶಗಳನ್ನು ಗುಡಿಸಿ, ಕೊನೆಗೆ ದುರಸ್ತಿಯ ಕೆಲಸಕ್ಕೂ ನಿಲ್ಲುತ್ತದೆ. ಕೆಲಸ ಮುಗಿದೊಡನೆ ಓಲೆ ನಿಲ್ಲಬೇಕು, ಬಂದವರು ಹಿಂದಿರುಗಬೇಕು ಎಂಬುದು ಪ್ರಕೃತಿಯ ಏರ್ಪಾಡು.

ಸಕ್ಕರೆ ಅವನನ್ನು ಎಬ್ಬಿಸುವ ಬಗೆ

ಸ್ವಸ್ಥವಾದ ಅಂಗದಲ್ಲಿ ಈ ಜೀನು ಬಹುಮಟ್ಟಿಗೆ ಮಲಗಿರುತ್ತದೆ. ಅದನ್ನು ಎಬ್ಬಿಸುವವರಲ್ಲಿ ಎನ್ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಮುಖ್ಯವಾದುದು; ಅಪಾಯದ ಸುಳಿವು ಸಿಕ್ಕೊಡನೆ ಅದು ಕೋಶಕೇಂದ್ರವನ್ನು ಪ್ರವೇಶಿಸಿ, ಜೀನಿನ ಮುಂಬಾಗಿಲಲ್ಲಿ ಕುಳಿತು, ಓಲೆಗಳ ಬರವಣಿಗೆಗೆ ಚಾಲನೆ ಕೊಡುತ್ತದೆ. ಇನ್ನು ಸಕ್ಕರೆಗೂ ಇದಕ್ಕೂ ಏನು ಸಂಬಂಧವೆಂಬುದನ್ನು ತಿಳಿಯಬೇಕಾದರೆ ಒಮ್ಮೆ ಅಡುಗೆಮನೆಯನ್ನು ಹೊಕ್ಕು ಬರಬೇಕು. ಕಾದ ಕಾವಲಿಯ ಮೇಲೆ ದೋಸೆಯ ಮೈ ಹೊಂಬಣ್ಣಕ್ಕೆ ತಿರುಗಿ ಘಮ್ಮೆನ್ನುವುದೂ, ಬಾಣಲೆಯಲ್ಲಿ ಬತ್ತುತ್ತಿರುವ ಹಾಲು ಖೋವಾ ಆಗುತ್ತ ಕೆಂಪಡರುವುದೂ, ಸಕ್ಕರೆಯ ಅಂಶ ಮತ್ತು ಪ್ರೋಟೀನು ಬಿಸಿಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದಲೇ. ಫ್ರಾನ್ಸಿನ ಲೂಯಿ ಕಾಮೀಲ್ ಮಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆಯೇ, ಕಾವಲಿಯ ಬಿಸಿಯಿಲ್ಲದೆ, ಬಹು ನಿಧಾನವಾಗಿ, ನಮ್ಮೆಲ್ಲರ ನೆತ್ತರಿನಲ್ಲಿಯೂ ನಡೆಯುತ್ತಿರುತ್ತದೆ; ಸಕ್ಕರೆ ಹೆಚ್ಚಿದಷ್ಟೂ ವೇಗವಾಗಿ ನಡೆಯುತ್ತದೆ. ಮೂರು ತಿಂಗಳಿಗೊಮ್ಮೆ ವೈದ್ಯರು ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆಯು ಅಳೆಯುವುದು ಕೂಡ ಇದನ್ನೇ, ಎಂದರೆ ಹಿಮೊಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು.

ಹೀಗೆ ಸಕ್ಕರೆಯಿಂದ ಕಂದಿದ ಪ್ರೋಟೀನುಗಳು ರಕ್ತನಾಳಗಳ ಒಳಮೈಗೂ ಮೂತ್ರಪಿಂಡದ ಕೋಶಗಳಿಗೂ ತಗುಲಿದಾಗ, ಆ ಕೋಶಗಳು ಅದನ್ನು ಅಪಾಯದ ಸುಳಿವೆಂದೇ ತಿಳಿಯುತ್ತವೆ. ಬಾಗಿಲು ಕಾಯುವವನು ಎಚ್ಚೆತ್ತು ಜೀನನ್ನು ಎಬ್ಬಿಸುತ್ತಾನೆ, ಓಲೆಗಳು ಹೊರಡುತ್ತವೆ. ಅಧಿಕವಾದ ಗ್ಲೂಕೋಸು ತಾನೇ ನೇರವಾಗಿಯೂ, ರಕ್ತದೊತ್ತಡವನ್ನು ಏರಿಸುವ ಆಂಜಿಯೊಟೆನ್ಸಿನ್ ಎಂಬ ದ್ರವ್ಯವೂ, ಇದೇ ಕೆಲಸವನ್ನು ಮಾಡುತ್ತವೆ. ಮುಳ್ಳಿಲ್ಲ, ರೋಗಾಣುವಿಲ್ಲ, ಆದರೂ ಮುಳ್ಳು ಚುಚ್ಚಿದಾಗ ಹೊರಡುವ ಅದೇ ಕರೆ ಹಗಲಿರುಳೂ ಹೊರಡುತ್ತಲೇ ಇರುತ್ತದೆ.

ಮೂತ್ರಪಿಂಡದಲ್ಲಿ ಬೀಡುಬಿಟ್ಟವರು

ಈ ಕರೆಯ ಫಲವನ್ನು ಬೇರೆಲ್ಲ ಅಂಗಗಳಿಗಿಂತ ವಿಶದವಾಗಿ ನೋಡಬಹುದಾದದ್ದು ಮೂತ್ರಪಿಂಡದಲ್ಲಿ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೋಸುಗುಚ್ಛಗಳಿದ್ದು, ಎರಡೂ ಸೇರಿ ದಿನವೊಂದಕ್ಕೆ ಹತ್ತಿರ ಹತ್ತಿರ 180 ಲೀಟರು ದ್ರವವನ್ನು ಸೋಸುತ್ತವೆ. ಅದರಲ್ಲಿ ಒಂದೆರಡು ಲೀಟರು ಮಾತ್ರ ಮೂತ್ರವಾಗಿ ಹೊರಹೋಗಿ ಮಿಕ್ಕದ್ದೆಲ್ಲವೂ ರಕ್ತಕ್ಕೆ ಮರಳುತ್ತದೆ. ಮಧುಮೇಹಿಗಳ ಈ ಗುಚ್ಛಗಳಲ್ಲಿ ಗಂಟುಗಳು ಬೆಳೆದಿರುವುದನ್ನು ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು 1936ರಲ್ಲಿಯೇ ವರದಿಮಾಡಿದ್ದರು. ಆಗ ಅದು ಕೇವಲ ಸಕ್ಕರೆಯ ಮತ್ತು ಒತ್ತಡದ ಕೃತ್ಯವೆಂದೇ ಭಾವಿಸಲಾಗಿತ್ತು. ಅನಂತರದ ದಶಕಗಳಲ್ಲಿ ಅಂಗಾಂಶದ ಎಸಳುಗಳಿಗೆ ಬಣ್ಣ ಕಟ್ಟಿ ನೋಡಿದವರಿಗೆ, ಗುಚ್ಛಗಳ ನಡುವೆಯೂ ಕೊಳವೆಗಳ ಸುತ್ತಲೂ ಮಹಾಭಕ್ಷಕಗಳು ಬೀಡುಬಿಟ್ಟಿರುವುದು ಗೋಚರಿಸಿತು. ಅವು ಹೆಚ್ಚಿದ್ದಲ್ಲಿ ಮೂತ್ರಪಿಂಡದ ಅವನತಿಯೂ ಹೆಚ್ಚಾಗಿತ್ತು. ಅಂಥ ರೋಗಿಗಳ ಮೂತ್ರದಲ್ಲಿ ಸಿಸಿಎಲ್2 ಕೂಡ ಏರಿತ್ತು.

ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಲಾರದೆಂಬುದನ್ನು ತರ್ಕ ಓದಿದ ಹುಡುಗನೂ ಬಲ್ಲ. ಬೆಂಕಿ ಬಿದ್ದ ಮನೆಯ ಮುಂದೆ ನೆರೆದ ಜನರು ಬೆಂಕಿ ಹಚ್ಚಿದವರೋ, ಆರಿಸಲು ಬಂದವರೋ? ಇದನ್ನು ನಿಶ್ಚಯಿಸಲು ಆಸ್ಟ್ರೇಲಿಯದ ಮೆಲ್ಬರ್ನಿನ ವಿಜ್ಞಾನಿಗಳು ಈ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಮಧುಮೇಹವನ್ನು ಉಂಟುಮಾಡಿದರು. 2006ರಲ್ಲಿ ಪ್ರಕಟವಾದ ಅವರ ಫಲಿತಾಂಶವು ಸ್ಪಷ್ಟವಾಗಿತ್ತು: ಜೀನುಳ್ಳ ಇಲಿಗಳಿಗೂ ಜೀನಿಲ್ಲದ ಇಲಿಗಳಿಗೂ ರಕ್ತದ ಸಕ್ಕರೆ ಸಮವಾಗಿಯೇ ಏರಿತ್ತು, ಆದರೆ ಜೀನಿಲ್ಲದವುಗಳ ಮೂತ್ರಪಿಂಡದಲ್ಲಿ ಭಕ್ಷಕಗಳು ಕಡಿಮೆ, ಗಾಯದ ಕಲೆ ಕಡಿಮೆ, ಮೂತ್ರದಲ್ಲಿ ಆಲ್ಬುಮಿನ್ನೂ ಕಡಿಮೆ. ಸಕ್ಕರೆಯು ಬೆಂಕಿ ಹಚ್ಚಿದ್ದು ನಿಜವಾದರೂ, ಆರಿಸಲು ಬಂದವರ ಕಾಲ್ತುಳಿತದಿಂದಲೇ ಮನೆ ಅರ್ಧ ಹಾಳಾಗಿತ್ತೆಂದು ಇದರಿಂದ ಸಿದ್ಧವಾಯಿತು. ಹೊರಡದೆ ಉಳಿದ ಭಕ್ಷಕಗಳು ದುರಸ್ತಿಗೆಂದು ಸುರಿಸುವ ದ್ರವ್ಯಗಳು ನಾರಿನ ಎಳೆಗಳನ್ನು ಹೆಣೆಯುತ್ತಲೇ ಹೋಗಿ, ಸೋಸಬೇಕಾದ ಅಂಗವನ್ನು ಕ್ರಮೇಣ ಗಡಸು ಕಲೆಯನ್ನಾಗಿ ಮಾರ್ಪಡಿಸುತ್ತವೆ. ಮಾವನವರ ವೈದ್ಯರ ಒಗಟಿನ ಉತ್ತರಾರ್ಧಕ್ಕೆ ಇದೇ ಅರ್ಥ.

ಉಳಿದ ಅಂಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಅಕ್ಷಿಪಟದ ರೋಗವು ಮುಂದುವರಿದು ಹೊಸ ರಕ್ತನಾಳಗಳು ಮೊಳೆಯುವ ಹಂತಕ್ಕೆ ಬಂದವರ ಕಣ್ಣಿನೊಳಗಿನ ದ್ರವದಲ್ಲಿ ಈ ಓಲೆಕಾರನು ಅಧಿಕವಾಗಿ ದೊರೆತಿದ್ದಾನೆ. ಅಪಧಮನಿಯ ಗೋಡೆಯಲ್ಲಿ ಕೊಬ್ಬು ಶೇಖರವಾಗುವಾಗ ಅಲ್ಲಿಗೆ ಮಾನೊಸೈಟುಗಳನ್ನು ಕರೆದು, ಹೃದಯಾಘಾತಕ್ಕೆ ನೆಲ ಹದಮಾಡುವವನೂ ಇವನೇ. 1998ರಲ್ಲಿ, ಈ ಜೀನಿಲ್ಲದ ಅಥವಾ ಇದರ ಗ್ರಾಹಕವಿಲ್ಲದ ಇಲಿಗಳಲ್ಲಿ ಅಪಧಮನಿಯ ಕೊಬ್ಬಿನ ಗಡ್ಡೆಗಳು ಗಣನೀಯವಾಗಿ ಕುಗ್ಗಿದುದನ್ನು ಬೇರೆ ಬೇರೆ ತಂಡಗಳು ತೋರಿಸಿದವು.

ಕಾಲಿನಲ್ಲಿ ತಲೆಕೆಳಗಾದ ನ್ಯಾಯ

ಇಷ್ಟನ್ನು ಓದಿದವರು, ಹಾಗಾದರೆ ಈ ಜೀನು ನಮ್ಮ ವೈರಿಯೆಂದು ತೀರ್ಮಾನಿಸುವುದು ಸಹಜ. ನಾನೂ ಹಾಗೆಯೇ ತೀರ್ಮಾನಿಸಿದ್ದೆ. ಆದರೆ ಮಾವನವರ ಕಾಲು ಆ ತೀರ್ಮಾನಕ್ಕೆ ಅಡ್ಡ ಬಂದಿತು. ಆರೋಗ್ಯವಂತನ ಕಾಲಿಗೆ ಮುಳ್ಳು ನೆಟ್ಟರೆ ಮೊದಲ ಒಂದೆರಡು ದಿನಗಳಲ್ಲಿಯೇ ಭಕ್ಷಕಗಳು ಬಂದು ಕೊಳೆಯನ್ನು ತೊಳೆದು, ಅನಂತರ ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು ಮಾಯಿಸುವ ಕಾರ್ಯಕ್ಕೆ ತೊಡಗುತ್ತವೆ. ಮಧುಮೇಹಿಯ ಗಾಯದಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ. ಆರಂಭದಲ್ಲಿ ಬರಬೇಕಾದಷ್ಟು ಭಕ್ಷಕಗಳು ಬರುವುದಿಲ್ಲ. ತಡವಾಗಿ ಬಂದವು ಕೆರಳಿದ ಸ್ಥಿತಿಯಲ್ಲಿಯೇ ನಿಂತುಬಿಟ್ಟು ದುರಸ್ತಿಗೆ ಕೈಹಾಕುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಧುಮೇಹಿ ಇಲಿಗಳ ಹೊಸ ಗಾಯಕ್ಕೆ ಸಿಸಿಎಲ್2 ಪ್ರೋಟೀನನ್ನೇ ಹೊರಗಿನಿಂದ ಸೇರಿಸಿದಾಗ ಭಕ್ಷಕಗಳು ಹೊತ್ತಿಗೆ ಸರಿಯಾಗಿ ಬಂದು ಗಾಯವು ಬೇಗ ಮಾಯುತ್ತ ಬಂದಿತು. ಮೂತ್ರಪಿಂಡದಲ್ಲಿ ಯಾವನನ್ನು ತಡೆದರೆ ಒಳಿತಾಯಿತೋ, ಕಾಲಿನಲ್ಲಿ ಅವನನ್ನೇ ತಂದು ಕೊಟ್ಟರೆ ಒಳಿತಾಯಿತು!

ಮಧುಮೇಹದ ಉಪದ್ರವಗಳನ್ನು ಕುರಿತು ನಾನು ಅರಿತುಕೊಂಡ ತಿರುಳು ಇದಿಷ್ಟೇ. ಓಲೆಕಾರನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಅವನ ಕರೆಗೆ ಒಂದು ಹೊತ್ತಿದೆ, ಒಂದು ತಾಣವಿದೆ, ಒಂದು ಮುಗಿತಾಯವಿದೆ. ಏರಿದ ಸಕ್ಕರೆಯು ಹಾಳುಮಾಡುವುದು ಈ ಮೂರನ್ನೂ.

ಕೋಶದ ನೆನಪು

ಹಾಳುಮಾಡಿದ್ದನ್ನು ಸಕ್ಕರೆ ಇಳಿದ ಮಾತ್ರಕ್ಕೆ ಮರಳಿ ಪಡೆಯಬಹುದೆ ಎಂಬುದು ಮುಂದಿನ ಪ್ರಶ್ನೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ, ಮೊದಲನೆಯ ಬಗೆಯ ಮಧುಮೇಹವುಳ್ಳ 1441 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರ ಸಕ್ಕರೆಯನ್ನು ಬಿಗಿಯಾಗಿಯೂ ಇನ್ನೊಂದರವರದನ್ನು ಅಂದಿನ ವಾಡಿಕೆಯಂತೆಯೂ ಹತೋಟಿಯಲ್ಲಿಟ್ಟು ನೋಡಿದ ಮಹಾಪ್ರಯೋಗವೊಂದು ನಡೆಯಿತು. ಬಿಗಿಯಾದ ಹತೋಟಿಯು ಕಣ್ಣು, ಮೂತ್ರಪಿಂಡ, ನರಗಳನ್ನು ಕಾಪಾಡುವುದೆಂಬುದು ಅದರಿಂದ ಖಚಿತವಾಯಿತು. ಅದಕ್ಕಿಂತಲೂ ಅಚ್ಚರಿಯ ಸಂಗತಿ ಅನಂತರದ್ದು. ಪ್ರಯೋಗ ಮುಗಿದ ಮೇಲೆ ಎರಡೂ ಪಂಗಡದವರ ಸಕ್ಕರೆಯ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿಹೋದರೂ, ಮೊದಲು ಬಿಗಿಯಾಗಿದ್ದವರಿಗೆ ದೊರೆತ ರಕ್ಷಣೆ ವರ್ಷಗಟ್ಟಲೆ ಮುಂದುವರಿಯಿತು. ಮೊದಲು ಸಡಿಲವಾಗಿದ್ದವರನ್ನು ಹಳೆಯ ಸಾಲವು ಬಿಡದೆ ಬೆನ್ನಟ್ಟಿತು.

ದೇಹವು ಸಕ್ಕರೆಯನ್ನು ನೆನಪಿಟ್ಟುಕೊಳ್ಳುವುದು ಎಲ್ಲಿ? 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ನಮ್ಮ ಓಲೆಕಾರನು ಮತ್ತೆ ಪ್ರತ್ಯಕ್ಷನಾಗುತ್ತಾನೆ. ರಕ್ತನಾಳದ ಒಳಪದರದ ಕೋಶಗಳನ್ನು ಹದಿನಾರೇ ಗಂಟೆಗಳ ಕಾಲ ಹೆಚ್ಚು ಗ್ಲೂಕೋಸಿನಲ್ಲಿಟ್ಟು, ಬಳಿಕ ಸಹಜ ಮಟ್ಟಕ್ಕೆ ತಂದರು. ಗ್ಲೂಕೋಸು ಇಳಿದರೂ, ಬಾಗಿಲು ಕಾಯುವ ಆ ಎನ್ಎಫ್-ಕಪ್ಪಾ-ಬಿಯ ಜೀನಿನ ಸುತ್ತಲಿನ ಪ್ರೋಟೀನುಗಳ ಮೇಲೆ ಬಿದ್ದ ರಾಸಾಯನಿಕ ಮುದ್ರೆಯು ಆರು ದಿನಗಳಾದರೂ ಅಳಿಯಲಿಲ್ಲ. ಅದರ ಅಧೀನದಲ್ಲಿರುವ ಎಂಸಿಪಿ-1 ಜೀನೂ ಎಚ್ಚೆತ್ತೇ ಇತ್ತು. ಇದರಲ್ಲಿ ಡಿಎನ್ಎಯ ಒಂದಕ್ಷರವೂ ಬದಲಾಗಲಿಲ್ಲ. ಪುಸ್ತಕ ಅದೇ, ಪುಟ ಮಡಿಚಿ ಗುರುತು ಮಾಡಿದ ಕಿವಿ ಮಾತ್ರ ಹಾಗೆಯೇ ಉಳಿಯಿತು. 'ಹಬ್ಬದ ಒಂದು ದಿನ ತಾನೆ' ಎಂದು ಹೋಳಿಗೆಯ ತಟ್ಟೆಯನ್ನು ಮುಂದಕ್ಕೆಳೆದುಕೊಳ್ಳುವ ನಮ್ಮಂಥವರು ಯೋಚಿಸಬೇಕಾದ ವಿಷಯವಿದು; ಗಾಜಿನ ಬಟ್ಟಲಿನ ಕೋಶಗಳಿಗೆ ಆದದ್ದೆಲ್ಲವೂ ಹಾಗೆಹಾಗೆಯೇ ಮನುಷ್ಯನಿಗೂ ಆಗುತ್ತದೆಂದು ಹೇಳಲಾಗದಿದ್ದರೂ, ರೋಗದ ಮೊದಲ ವರ್ಷಗಳ ಹತೋಟಿಗೆ ಇಷ್ಟೊಂದು ಬೆಲೆ ಏಕೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಒಂದಕ್ಷರದ ವ್ಯತ್ಯಾಸ

ಎಲ್ಲರ ಓಲೆಕಾರರೂ ಸಮಾನವಾಗಿ ಚುರುಕಲ್ಲ. ಈ ಜೀನಿನ ಆರಂಭಕ್ಕಿಂತ 2518 ಅಕ್ಷರಗಳಷ್ಟು ಹಿಂದಿನ ಒಂದು ಸ್ಥಾನದಲ್ಲಿ ಕೆಲವರಿಗೆ 'ಎ' ಎಂಬ ಅಕ್ಷರವೂ ಕೆಲವರಿಗೆ 'ಜಿ' ಎಂಬ ಅಕ್ಷರವೂ ಇರುತ್ತದೆ. 'ಜಿ' ಉಳ್ಳವರ ಮಾನೊಸೈಟುಗಳು ಪ್ರಚೋದನೆ ದೊರೆತಾಗ ಹೆಚ್ಚು ಪ್ರೋಟೀನನ್ನು ತಯಾರಿಸುತ್ತವೆಂದು 1999ರಲ್ಲಿ ತಿಳಿದುಬಂದಾಗ, ಯಾರಿಗೆ ಉಪದ್ರವಗಳು ಬರುವುವೆಂಬುದನ್ನು ಜಾತಕದಂತೆ ಮುಂಚಿತವಾಗಿ ಓದಬಹುದೆಂಬ ಉತ್ಸಾಹವು ಹಲವು ದೇಶಗಳಲ್ಲಿ ಮೂಡಿತು. ಆದರೆ ಜರ್ಮನಿಯ ಒಂದು ಅಧ್ಯಯನದಲ್ಲಿ 'ಜಿ' ಉಳ್ಳವರಲ್ಲಿಯೇ ಮಧುಮೇಹವು ಕಡಿಮೆಯಿದ್ದಿತು; ಕೊರಿಯದ ಅಧ್ಯಯನದಲ್ಲಿ ಮೂತ್ರಪಿಂಡದ ವೈಫಲ್ಯವು 'ಎ' ಕಡೆಗೆ ಬೊಟ್ಟುಮಾಡಿತು; ಬೇರೆ ಕಡೆಗಳಲ್ಲಿ 'ಜಿ'ಯ ಮೇಲೆಯೇ ಅಪವಾದ ಬಂದಿತು. ನಮ್ಮ ದೇಶದ ಉತ್ತರ ಮತ್ತು ದಕ್ಷಿಣ ಭಾಗಗಳ ಮಧುಮೇಹಿಗಳಲ್ಲಿ ಈ ಜೀನನ್ನೂ ಇದರ ಬಂಧುಗಳನ್ನೂ ಒಟ್ಟಾಗಿ ಪರಿಶೀಲಿಸಿದ ಬರಹವೊಂದು 2009ರಲ್ಲಿ ಪ್ರಕಟವಾಗಿ, ಉರಿಯೂತದ ಜೀನುಗಳ ಕೆಲವು ರೂಪಗಳಿಗೂ ಮೂತ್ರಪಿಂಡದ ರೋಗಕ್ಕೂ ಸಂಬಂಧವಿದೆಯೆಂದು ಹೇಳಿತು.

ಈ ಪರಸ್ಪರ ವಿರೋಧವನ್ನು ವಿಜ್ಞಾನದ ಸೋಲೆಂದು ನಗೆಯಾಡಬೇಕಾಗಿಲ್ಲ. ಒಂದು ಜನಾಂಗದ ಆಹಾರ, ನೆರೆಯ ಜೀನುಗಳು, ಬಾಲ್ಯದ ಸೋಂಕುಗಳು, ರೋಗ ಹಳತಾದ ವರ್ಷಗಳು, ಇವೆಲ್ಲವೂ ಒಂದಕ್ಷರದ ಅರ್ಥವನ್ನು ಬದಲಿಸಬಲ್ಲವು. ಒಂದೇ ಪದ ಧಾರವಾಡದಲ್ಲಿ ಒಂದರ್ಥವನ್ನೂ ಮಂಗಳೂರಿನಲ್ಲಿ ಇನ್ನೊಂದರ್ಥವನ್ನೂ ಕೊಡುವುದನ್ನು ಕನ್ನಡಿಗರು ಕಾಣದವರೇನಲ್ಲ. ಇದರಿಂದ ನಾವು ಕಲಿಯಬೇಕಾದ ವಿವೇಕವಿಷ್ಟು: ಈ ಒಂದು ಅಕ್ಷರವನ್ನು ಓದಿ ಭವಿಷ್ಯ ನುಡಿಯುತ್ತೇವೆನ್ನುವವರು ದುಡ್ಡು ಕೇಳಿದರೆ, ಅದನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು.

ಓಲೆಯನ್ನು ತಡೆಯುವ ಯತ್ನ

ಓಲೆಯನ್ನೇ ಹಿಡಿದು ನಿಲ್ಲಿಸುವ ಔಷಧಗಳನ್ನೂ ಪ್ರಯತ್ನಿಸಿ ನೋಡಿದ್ದಾರೆ. ಎಮಾಪ್ಟಿಕಾಪ್ ಎಂಬುದು ಸಹಜ ಆರ್‌ಎನ್‌ಎಯ ಕನ್ನಡಿಬಿಂಬದಂತೆ ಹೆಣೆದ ಅಣು. ಎಡಗೈಯ ಗವಸು ಬಲಗೈಗೆ ಹೊಂದದಂತೆ, ದೇಹದ ಕಿಣ್ವಗಳ ಹಿಡಿತಕ್ಕೆ ಅದು ಸಿಗುವುದಿಲ್ಲವಾದುದರಿಂದ ಬಹುಕಾಲ ಉಳಿದು ಸಿಸಿಎಲ್2 ಅನ್ನು ಕಟ್ಟಿಹಾಕುತ್ತದೆ. 75 ರೋಗಿಗಳಲ್ಲಿ ನಡೆದ 12 ವಾರಗಳ ಪರೀಕ್ಷೆಯಲ್ಲಿ ಔಷಧ ಪಡೆದವರ ಮೂತ್ರದ ಆಲ್ಬುಮಿನ್ ಇಳಿಯಿತಾದರೂ, ಬರಿಯ ತೋರಿಕೆಯ ಚುಚ್ಚುಮದ್ದು ಪಡೆದವರಿಗೆ ಹೋಲಿಸಿದಾಗ ಅಂತರವು ನಿಸ್ಸಂದೇಹವಾಗಿರಲಿಲ್ಲ. ಗ್ರಾಹಕವನ್ನು ಮುಚ್ಚುವ ಮಾತ್ರೆಯೊಂದನ್ನು 332 ಮಂದಿಯಲ್ಲಿ 52 ವಾರಗಳ ಕಾಲ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂದಿತು: 5 ಮಿಲಿಗ್ರಾಮಿನ ಪ್ರಮಾಣ ಪಡೆದವರಲ್ಲಿ ಆಲ್ಬುಮಿನ್ ಶೇಕಡಾ 18ರಷ್ಟು ತಗ್ಗಿದರೆ, ತೋರಿಕೆಯ ಮಾತ್ರೆಯವರಲ್ಲಿ ಶೇಕಡಾ 2ರಷ್ಟು ತಗ್ಗಿತ್ತು, ಪ್ರಮಾಣವನ್ನು ಇಮ್ಮಡಿಸಿದಾಗ ಫಲವು ಇಮ್ಮಡಿಸಲಿಲ್ಲ, ಕಡಿಮೆಯೇ ಆಯಿತು. ಮಧುಮೇಹದ ಮೂತ್ರಪಿಂಡ ರೋಗಕ್ಕೆಂದು ಇಂಥ ಯಾವ ಔಷಧವೂ ಇನ್ನೂ ಅಂಗಡಿಗೆ ಬಂದಿಲ್ಲ.

ಓಲೆಯನ್ನು ಪೂರ್ತಿಯಾಗಿ ತಡೆಯಲು ಅಂಜುವುದಕ್ಕೆ ನಮ್ಮ ದೇಶದಲ್ಲಿ ವಿಶೇಷವಾದ ಕಾರಣವೂ ಇದೆ. ಕ್ಷಯದ ರೋಗಾಣುಗಳನ್ನು ಸುತ್ತುಗಟ್ಟಿ ಸೆರೆಹಿಡಿಯುವವು ಇದೇ ಮಹಾಭಕ್ಷಕಗಳು. ಮಧುಮೇಹಿಗಳಿಗೆ ಕ್ಷಯ ತಗಲುವ ಸಂಭವವು ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಮೇಲೆ ಹೇಳಿದ 'ಎ', 'ಜಿ' ಅಕ್ಷರಗಳನ್ನೇ ಕ್ಷಯರೋಗಿಗಳಲ್ಲಿ ಹುಡುಕಿದಾಗ, ಮೆಕ್ಸಿಕೊ ಮತ್ತು ಕೊರಿಯಗಳಲ್ಲಿ 'ಜಿ' ಅಪಾಯಕಾರಿಯಾಗಿಯೂ ಆಫ್ರಿಕದ ಘಾನಾದಲ್ಲಿ ಅದೇ ರಕ್ಷಕವಾಗಿಯೂ ಕಂಡಿತು. ಕಾವಲುಗಾರನ ಕೈಕಾಲು ಕಟ್ಟುವ ಮೊದಲು ಊರಿನಲ್ಲಿ ಕಳ್ಳರಿದ್ದಾರೆಯೆ ಎಂದು ವಿಚಾರಿಸಿಕೊಳ್ಳಬೇಕಷ್ಟೆ.

ಅದೃಷ್ಟವಶಾತ್, ಓಲೆಕಾರನನ್ನು ಕೆರಳಿಸುವವರನ್ನು ಶಾಂತಗೊಳಿಸುವ ಔಷಧಗಳು ಈಗಾಗಲೇ ನಮ್ಮಲ್ಲಿವೆ. ಆಂಜಿಯೊಟೆನ್ಸಿನ್ನಿನ ಆಟವನ್ನು ತಡೆಯುವ ಹಳೆಯ ಮಾತ್ರೆಗಳು ರಕ್ತದೊತ್ತಡವನ್ನು ತಗ್ಗಿಸುವುದರ ಜೊತೆಗೆ ಮೂತ್ರಪಿಂಡವನ್ನೂ ಕಾಯುತ್ತವೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರದೂಡುವ ಗ್ಲಿಫ್ಲೋಜಿನ್ ವರ್ಗದ ಮಾತ್ರೆಗಳು ಮೂತ್ರಪಿಂಡದ ಅವನತಿಯನ್ನು ನಿಧಾನಗೊಳಿಸುತ್ತವೆಂದು 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ನಿಸ್ಸಂಶಯವಾಗಿ ತೋರಿಸಿತು. ಯಾರಿಗೆ ಯಾವುದು ಸಲ್ಲುವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಸಮೀಕ್ಷೆಯು 2023ರಲ್ಲಿ ಹೇಳಿದಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆ. ಅವರಲ್ಲಿ ಒಬ್ಬರಾದ ನನ್ನ ಮಾವನವರ ಅಂಗಾಲಿನ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಈಗ ಅವರು ತೋಟಕ್ಕೆ ಬರಿಗಾಲಿನಲ್ಲಿ ಇಳಿಯುವುದಿಲ್ಲ. ರಾತ್ರಿ ಮಲಗುವ ಮೊದಲು ಅತ್ತೆಯ ಹಳೆಯ ಕೈಗನ್ನಡಿಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಒಂದೊಂದೇ ಪಾದವನ್ನು ಹಿಡಿದು ಅಂಗಾಲನ್ನು ಪರೀಕ್ಷಿಸಿಕೊಳ್ಳುತ್ತಾರೆ. ಮೂತ್ರದ ಆಲ್ಬುಮಿನ್ ಏರದೆ ನಿಂತಿದೆ. ಜೀನಿನ ಹೆಸರನ್ನು ನಾನು ಎರಡು ಸಲ ಹೇಳಿಕೊಟ್ಟರೂ ಅವರಿಗೆ ಬಾಯಿಗೆ ಬರಲಿಲ್ಲ. ಅದರಿಂದ ನಷ್ಟವೇನೂ ಆಗಿಲ್ಲ. ಈ ಲೇಖನವನ್ನು ಇಲ್ಲಿಯವರೆಗೆ ಓದಿದವರ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರಿಗಾಗಿ ಎರಡು ಕೆಲಸಗಳನ್ನು ಮಾಡಿರೆಂದು ಕೇಳಿಕೊಳ್ಳುತ್ತೇನೆ: ಕಳೆದ ಒಂದು ವರ್ಷದಲ್ಲಿ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿದ್ದಾರೆಯೆ ಎಂದು ವಿಚಾರಿಸಿ, ಇಲ್ಲವಾದರೆ ಈ ವಾರವೇ ಮಾಡಿಸಿ, ಇಂದು ಸಂಜೆ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ.